ಜೀಪಿನ ಹುಡ್‌ಗೆ ಮಳೆಗಿಂತ ಧೂಳೇ ಕಾಟ

ವಿಜಯಪುರದಲ್ಲಿ ಹುಡ್ (ಮಡಚಿಡುವ ಮೇಲ್ಹೊದಿಕೆ) ಇರೋ ಜೀಪ್ ಇಟ್ಟುಕೊಂಡರೆ ಎಲ್ಲರೂ ಕೇಳುವುದು ಒಂದೇ, "ಮಳಿ ಬಂದ್ರ ಏನ್ ಮಾಡ್ತೀರಿ?" ನಮ್ಮ ಕಡೆ ಮಳೆ ಬರುವುದೇ ಕಡಿಮೆ ಬಿಡಿ. ನನ್ನ ಹಳೆ ಎಂಎಂ 540 ಜೀಪಿನ ರೆಗ್ಜಿನ್ ಹುಡ್‌ಗೆ ಕಾಟ ಕೊಡುವುದು 40 ಡಿಗ್ರಿ ದಾಟುವ ಬೇಸಿಗೆ ಬಿಸಿಲು, ಅದಕ್ಕಿಂತ ಜಾಸ್ತಿ ಎರೆಮಣ್ಣಿನ ಧೂಳು. ಬಿಸಿಲಿಗಾದರೆ ನೆರಳು ಹುಡುಕಬಹುದು.

ಧೂಳು ಕೂತ ಹುಡ್ಡನ್ನು ನಾನು ಒಣಬಟ್ಟೆಯಲ್ಲಿ ಒರೆಸುವುದೇ ಇಲ್ಲ. ಮೊದಲು ನೆರಳಲ್ಲಿ ನಿಲ್ಲಿಸಿ, ಪೈಪ್‌ನಿಂದ ಸಣ್ಣಗೆ ನೀರು ಬಿಟ್ಟು ಧೂಳು ಇಳಿಸುತ್ತೇನೆ. ಆಮೇಲೆ ಬಕೆಟ್‌ಗೆ ಸ್ವಲ್ಪ ಕಾರ್ ಶಾಂಪೂ, ಕೈಯಲ್ಲಿ ಮೆತ್ತನೆ ಬ್ರಷ್. ಹೊಲಿಗೆ ಸಂದಿಯಲ್ಲೇ ಮಣ್ಣು ಕೂತಿರುತ್ತದೆ, ಅಲ್ಲಿ ನಿಧಾನ. ವಾಷಿಂಗ್ ಸೆಂಟರ್‌ನವರು ಪ್ರೆಷರ್ ಗನ್ ಹತ್ತಿರ ಹಿಡಿದರೆ ಅದೇ ಹೊಲಿಗೆ ಸಡಿಲಾಗುತ್ತದೆ. ಇನ್ನು ನಮ್ಮ ಬೋರ್‌ವೆಲ್‌ದು ಸವಳು ನೀರು. ಕಪ್ಪು ರೆಗ್ಜಿನ್ ಮೇಲೆ ಹಾಗೇ ಒಣಗಿತೋ, ಬಿಳಿ ಕಲೆ ಗ್ಯಾರಂಟಿ. ಅದಕ್ಕೆ ಕೊನೆಯ ಬಕೆಟ್ ಫಿಲ್ಟರ್ ನೀರು, ಕೂಡಲೇ ಮೈಕ್ರೋಫೈಬರ್ ಬಟ್ಟೆ.

ನಿಜವಾದ ನಾಜೂಕು ಇರುವುದು ಹಿಂದಿನ ಕಿಟಕಿಯಲ್ಲಿ. ಅದು ಗಾಜಲ್ಲ, ಪ್ಲಾಸ್ಟಿಕ್ ಶೀಟು. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಹೊಡೆದರೆ ಬರಬರುತ್ತಾ ಮಂಜು ಕವಿದಂತಾಗುತ್ತದೆ. ನಾನು ನೀರು ಬಿಡುತ್ತಾ ಬರಿ ಅಂಗೈಯಿಂದ ಮೆಲ್ಲಗೆ ಸವರುತ್ತೇನೆ. ಬೆರಳ ತುದಿಗೆ ಕರಕರ ಸಿಕ್ಕರೆ ಇನ್ನಷ್ಟು ನೀರು. ಪೂರ್ತಿ ನುಣ್ಣಗಾದ ಮೇಲೆಯೇ ಬಟ್ಟೆ, ಅದೂ ಮೇಲಿಂದ ಕೆಳಕ್ಕೆ ನೇರವಾಗಿ. ಸುತ್ತಿ ಸುತ್ತಿ ತಿಕ್ಕಿದರೆ ರಾತ್ರಿ ಹಿಂದಿನ ಗಾಡಿ ಲೈಟ್ ಬಿದ್ದಾಗ ಗೀರುಗಳ ಬಲೆಯೇ ಕಾಣುತ್ತದೆ.

ಹುಡ್ ಹೊಲಿದುಕೊಟ್ಟ ಕುಶನ್ ಅಂಗಡಿಯವರು ಅವತ್ತೇ ಹೇಳಿದ್ದರು, "ಥಂಡಿ ದಿನ ಮುಂಜಾನೆದ್ದು ಮಡಚಬ್ಯಾಡ್ರಿ ಸರ, ಬಿಸಲು ಏರ್ಲಿ." ಚಳಿಗೆ ಪ್ಲಾಸ್ಟಿಕ್ ಬಿರುಸಾಗಿ, ಮಡಿಕೆಯಲ್ಲಿ ಸೀಳುತ್ತದೆ. ನಾನು ಹಳೆ ಕಾಟನ್ ಸೀರೆ ತುಂಡು ನಡುವೆ ಇಟ್ಟು, ಮಡಿಕೆ ಬೀಳದಂತೆ ಸುತ್ತಿಡುತ್ತೇನೆ. ಒದ್ದೆ ಇದ್ದಾಗಂತೂ ಮಡಚುವುದೇ ಇಲ್ಲ. ಮಳೆಗಾಲದಲ್ಲಿ ಖಾನಾಪುರದ ಕಡೆ ಹೋಗಿ ಬಂದರೆ, ಪೂರ್ತಿ ಒಣಗುವವರೆಗೂ ಹುಡ್ ಎತ್ತಿಯೇ ಇರುತ್ತದೆ. ಬೂಸ್ಟು ಹಿಡಿದ ವಾಸನೆ ಸುಲಭಕ್ಕೆ ಹೋಗಲ್ಲ.

ಒಳಗಿನ ಕೆಲಸ ಅಷ್ಟಿಲ್ಲ. ಸೀಟು, ಡ್ಯಾಶ್‌ಬೋರ್ಡಿಗೆ ಹಿಂಡಿದ ಒದ್ದೆ ಬಟ್ಟೆ ಸಾಕು. ಅಂಗಡಿಯಲ್ಲಿ ತೋರಿಸುವ ಮಿರಮಿರ ಹೊಳೆಯೋ ಸಿಲಿಕೋನ್ ಪಾಲಿಶ್ ನನಗೆ ಸೇರಲ್ಲ. ಸೀಟು ಜಾರುತ್ತದೆ, ಡ್ಯಾಶ್‌ಬೋರ್ಡಿನ ಹೊಳಪು ಮುಂದಿನ ಗಾಜಿನಲ್ಲಿ ಕಣ್ಣು ಕುಕ್ಕುತ್ತದೆ, ಅಂಟಿಗೆ ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ. ಸ್ಟೀರಿಂಗಿಗಂತೂ ಹಚ್ಚಲೇಬಾರದು, ಅಲ್ವಾ? ತೊಳೆದ ದಿನ ರಬ್ಬರ್ ಮ್ಯಾಟ್ ಎತ್ತಿಡುತ್ತೇನೆ. ಅದರ ಕೆಳಗೆ ನೀರು ನಿಂತರೆ ತಗಡಿಗೆ ತುಕ್ಕು.

ಜಿಪ್ ಬಿಗಿಯಾದರೆ ಎಣ್ಣೆ ಬೇಡ, ಅದೂ ಧೂಳು ಎಳೆಯುತ್ತದೆ. ಹಳೆ ಟೂತ್‌ಬ್ರಷ್‌ನಿಂದ ಜಿಪ್ಪಿನ ಹಲ್ಲು ತಿಕ್ಕಿ, ಮೇಣದಬತ್ತಿ ತುಂಡು ಉಜ್ಜಿದರೆ ಸಲೀಸಾಗಿ ಓಡುತ್ತದೆ. ಟಿಚ್ ಬಟನ್ ಬಿಚ್ಚುವಾಗ ರೆಗ್ಜಿನ್ ಅಂಚು ಜಗ್ಗದೆ, ಬಟನ್ ಪಕ್ಕದಲ್ಲೇ ಬೆರಳು ಹಾಕಿ ಎತ್ತಿ.