ಸೊರಗು ರೋಗಕ್ಕೆ ಜಗ್ಗದ ಬೇರು: ಕಾಳುಮೆಣಸಿಗೆ ಹಿಪ್ಪಲಿ ಕಸಿ

ಜುಲೈ, ಆಗಸ್ಟ್ ಮಳೆಯಲ್ಲಿ ಹಸಿರಾಗಿದ್ದ ಮೆಣಸಿನ ಬಳ್ಳಿ ಇದ್ದಕ್ಕಿದ್ದಂತೆ ಎಲೆ ಜೋತುಹಾಕುತ್ತದೆ. ಆಮೇಲೆ ಗೆಣ್ಣು ಗೆಣ್ಣಾಗಿ ಕಳಚಿ ಬೀಳುತ್ತದೆ. ಬುಡ ಕೆರೆದು ನೋಡಿದರೆ ಕಪ್ಪು. ಕೊಡಗಿನ ಕಾಫಿ ತೋಟದವರಿಗೆ ಶೀಘ್ರ ಸೊರಗು ರೋಗವನ್ನು ಪರಿಚಯಿಸಬೇಕಿಲ್ಲ.

ಇದನ್ನು ತರುವ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಶಿಲೀಂಧ್ರದ ಹಾಗೆ ಕಂಡರೂ ಶಿಲೀಂಧ್ರ ಅಲ್ಲ. ಅಡಿಕೆಯ ಕೊಳೆರೋಗ, ದ್ರಾಕ್ಷಿಯ ಡೌನಿ ಮಿಲ್ಡ್ಯೂ ತರುವವೂ ಇದೇ ಬಳಗದವು. ಇದರ ಬೀಜಕಣಕ್ಕೆ ಬಾಲವಿದೆ, ಮಣ್ಣಿನ ನೀರಲ್ಲಿ ಈಜಿ ಬೇರು ಸೇರುತ್ತದೆ. ಇದಕ್ಕೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದರೆ ದುಡ್ಡು ದಂಡ ಅಷ್ಟೇ.

ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರಿನಮ್ ಎಂಬ ಹಿಪ್ಪಲಿ ಜೌಗಲ್ಲೇ ಬೆಳೆಯುವ ಗಿಡ. ಮದ್ದಿನ ಹಿಪ್ಪಲಿ ಬೇರೆ, ನಮ್ಮ ಕಡೆ ಕಸಿಗೆ ಬಳಸುವ ಈ ಹಿಪ್ಪಲಿ ಬೇರೆ. ಈ ರೋಗವನ್ನು ತಡೆಯುವ ಗುಣ ಇದಕ್ಕೆ ಹುಟ್ಟಿನಿಂದಲೇ ಇದೆ. ಬೇರು ಇದರದ್ದು, ಬಳ್ಳಿ ನಮ್ಮದು.

ಮೊದಲು ಹಿಪ್ಪಲಿ ಕಡ್ಡಿಯನ್ನು ಪಾಲಿಥಿನ್ ಚೀಲದಲ್ಲಿ ಬೇರು ಬರಿಸಿ. ಕಾಂಡ ಪೆನ್ಸಿಲ್ ದಪ್ಪ ಆದಾಗ ನೆಲದಿಂದ ಒಂದು ಗೇಣು ಮೇಲೆ ಅಡ್ಡ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ. ಚೆನ್ನಾಗಿ ಕಾಯಿ ಕಟ್ಟುವ, ರೋಗವಿಲ್ಲದ ಬಳ್ಳಿಯ ಬುಡದಿಂದ ಹೊರಟ ಹಂಬನ್ನು ತನ್ನಿ. ಅದರಲ್ಲಿ ಎರಡು–ಮೂರು ಗೆಣ್ಣಿನ ತುಂಡು ಸಾಕು. ತುದಿಯನ್ನು ಬೆಣೆಯ ಹಾಗೆ ಕೆತ್ತಿ, ಸೀಳಿಗೆ ಇಳಿಸಿ. ಎರಡರ ದಪ್ಪ ಒಂದೇ ಇರಲಿ. ಇಲ್ಲವಾದರೆ ಒಂದು ಬದಿಯ ಸಿಪ್ಪೆಯಾದರೂ ಸಿಪ್ಪೆಗೆ ಕೂರಲಿ. ಬ್ಲೇಡು ಹರಿತವಿರಬೇಕು, ಜಜ್ಜಿದ ಗಾಯ ಕೂಡುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಕವರ್ ಹಾಕಿ ನೆರಳಲ್ಲಿಡಿ. ಮೂರು–ನಾಲ್ಕು ವಾರದಲ್ಲಿ ಚಿಗುರು ಕಂಡ ಮೇಲೆ ಕವರ್ ತೆಗೆಯಿರಿ.

ನೆಡುವಾಗ ಜಾಸ್ತಿ ಜನ ಎಡವುವುದು ಒಂದೇ ಕಡೆ. ಕಸಿಯ ಗಂಟನ್ನು ಮಣ್ಣಲ್ಲಿ ಹೂತುಬಿಡುತ್ತಾರೆ. ಆಗ ಮೆಣಸೇ ಬೇರು ಬಿಡುತ್ತದೆ, ರೋಗ ಅಲ್ಲಿಂದಲೇ ನುಗ್ಗುತ್ತದೆ. ಮತ್ತೆ ಕಸಿ ಮಾಡಿ ಏನು ಬಂತು, ಅಲ್ವಾ? ಗಂಟು ನೆಲದ ಮೇಲೇ ಇರಲಿ. ಅದರ ಕೆಳಗೆ ಬರುವ ಹಿಪ್ಪಲಿ ಚಿಗುರನ್ನು ಆಗಾಗ ಚಿವುಟಿ.

ಎಲೆಗೆ ಈ ಬೇರಿನ ರಕ್ಷಣೆ ಸಿಗುವುದಿಲ್ಲ. ಮಳೆಗೆ ಮುಂಚೆ ಶೇ 1ರ ಬೋರ್ಡೋ ದ್ರಾವಣ ಹೊಡೆಯಲೇಬೇಕು: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು.

ಇಡೀ ತೋಟಕ್ಕೆ ಇದನ್ನೇ ಹಾಕಿ ಎಂದು ನಾನಂತೂ ಹೇಳುವುದಿಲ್ಲ. ಹಿಪ್ಪಲಿಗೆ ಬೇಸಿಗೆಯಲ್ಲೂ ನೀರು ಬೇಕು. ಕೆಲವು ಕಸಿ ಕೆಲವು ವರ್ಷ ಚೆನ್ನಾಗಿದ್ದು ಆಮೇಲೆ ಒಣಗುವುದೂ ಉಂಟು. ಗದ್ದೆಯಂಚಿನ ತೇವದ ಜಾಗಕ್ಕೆ ಕಸಿ ಗಿಡ ಹಾಕಿ. ನೀರಿಲ್ಲದ ಏರಿನಲ್ಲಿ ರೋಗ ಸಹಿಸುವ, ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಐಐಎಸ್‌ಆರ್ ಶಕ್ತಿ ಅಥವಾ ತೇವಂ ತಳಿ ನೆಡಬಹುದು. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲೇ ಇದೆ. ಗಿಡ ಸಿಗುತ್ತದೆಯೇ ಎಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿ.