ಕವಿ ನಾಜಿಮ್ ಹಿಕ್ಮೆತ್, ಕಡತ ಇನ್ಯಾರದ್ದೋ

ಟರ್ಕಿಯ ಕವಿ ನಾಜಿಮ್ ಹಿಕ್ಮೆತ್ ಬರೆದು, ಅಚ್ಚಾಗದೆ ಉಳಿದದ್ದನ್ನು ಹುಡುಕಲು ಹೊರಟವರಿಗೆ ನಾನು ಹೇಳುವುದು ಒಂದೇ. ಪತ್ರಾಗಾರದಲ್ಲಿ ಕವಿಯ ಹೆಸರಿನ ಕಡತ ಆಮೇಲೆ ನೋಡಿ, ಮೊದಲು ಅವರ ಸುತ್ತ ಇದ್ದವರ ಕಡತ ತೆಗೆಸಿ.

ಇದಕ್ಕೆ ಕಾರಣ ಅವರ ಬದುಕಿನಲ್ಲೇ ಇದೆ. 1938ರಿಂದ 1950ರ ತನಕ ಜೈಲು. ಅಲ್ಲಿಂದ ಕವಿತೆಗಳು ಹೆಂಡತಿ ಪಿರಾಯೆಗೆ, ಗೆಳೆಯ ಕೆಮಾಲ್ ತಾಹಿರ್‌ಗೆ ಬರೆದ ಪತ್ರಗಳ ಜೊತೆಗೇ ಹೋಗುತ್ತಿದ್ದವು. 1951ರಲ್ಲಿ ದೇಶ ಬಿಟ್ಟರು, ಪೌರತ್ವವೂ ಹೋಯಿತು. 1963ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. 1936ರ ನಂತರ ಅವರು ಬದುಕಿರುವವರೆಗೂ ಟರ್ಕಿಯಲ್ಲಿ ಅವರ ಹೆಸರಿನಲ್ಲಿ ಹೊಸ ಕವನ ಪುಸ್ತಕ ಬರಲಿಲ್ಲ. ಹಾಳೆ ಯಾರ ಕೈಗೆ ಸೇರಿತೋ ಅಲ್ಲೇ ಉಳಿಯಿತು.

ಮಾಸ್ಕೋದಲ್ಲಿ ನನಗೆ ಜಾಸ್ತಿ ಸಿಕ್ಕಿದ್ದು ಅನುವಾದಕರ ಕಾಗದಗಳಲ್ಲಿ. ಆಗ ಟರ್ಕಿಶ್ ಬಲ್ಲ ಒಬ್ಬರು ಸಾಲು ಸಾಲಾಗಿ ರಷ್ಯನ್ ಅರ್ಥ ಬರೆದುಕೊಡುತ್ತಿದ್ದರು. ಅದನ್ನಿಟ್ಟುಕೊಂಡು ರಷ್ಯನ್ ಕವಿಯೊಬ್ಬರು ಪದ್ಯ ಕಟ್ಟುತ್ತಿದ್ದರು. ಪದ್ಯ ಅಚ್ಚಾಗಿ ಹೋಗುತ್ತೆ, ಈ ಕಚ್ಚಾ ಪ್ರತಿ ಮಾತ್ರ ಅನುವಾದಕರ ಪೆಟ್ಟಿಗೆಯಲ್ಲೇ ಉಳಿಯುತ್ತೆ. ಒಂದು ಕಡತದಲ್ಲಿ ಕಚ್ಚಾ ಪ್ರತಿಯ ಹಿಂದೆ ಟರ್ಕಿಶ್ ಟೈಪ್ ಪ್ರತಿಯೂ ಇತ್ತು. ಕೊನೆಯ ಕೆಲವು ಸಾಲುಗಳ ಮೇಲೆ ಪೆನ್ಸಿಲ್ ಗೀಟು. ಕಚ್ಚಾ ಪ್ರತಿಯಲ್ಲಿ ಆ ಸಾಲುಗಳಿವೆ, ಅಚ್ಚಾದ ಕವಿತೆಯಲ್ಲಿ ಇಲ್ಲ. ಅವತ್ತು ಆ ಹಾಳೆ ಬಿಟ್ಟು ಬೇರೇನೂ ನೋಡಲು ಮನಸ್ಸಾಗಲಿಲ್ಲ.

ರಷ್ಯನ್ ಪತ್ರಾಗಾರದ ಕಡತಗಳಲ್ಲಿ ಹಿಂದೆ ನೋಡಿದವರು ಹೆಸರು, ತಾರೀಕು ಬರೆದಿರುವ ಒಂದು ಹಾಳೆ ಇರುತ್ತದೆ. ನಾನು ಮೊದಲು ಅದನ್ನೇ ತಿರುವುತ್ತೇನೆ. ಅದು ಖಾಲಿ ಇದ್ದರೆ ಖುಷಿಯಾಗುತ್ತದೆ, ನಿಜ. ಆದರೆ ಯಾರೂ ನೋಡಿಲ್ಲ ಅಂದ ಮಾತ್ರಕ್ಕೆ ಅಪ್ರಕಟಿತ ಅಂತಲ್ಲ. 1930ರ ದಶಕದಲ್ಲಿ ಅವರು ಒರ್ಹಾನ್ ಸೆಲಿಮ್ ಎಂಬ ಹೆಸರಿನಲ್ಲಿ ಪತ್ರಿಕೆಗೆ ಅಂಕಣ ಬರೆದಿದ್ದಾರೆ. ಹಳೇ ಪತ್ರಿಕೆಗಳನ್ನೂ ಸಮಗ್ರ ಸಂಪುಟಗಳನ್ನೂ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಲೇಬೇಕು. ಕೈಬರಹವನ್ನೂ ಸುಮ್ನೆ ನಂಬುವ ಹಾಗಿಲ್ಲ. ಪುಸ್ತಕ ಸಿಗದ ಕಾಲದಲ್ಲಿ ಓದುಗರೇ ಕೈಯಿಂದ ನಕಲು ಮಾಡಿಕೊಂಡು ಹಂಚುತ್ತಿದ್ದರಲ್ವಾ? ಇನ್ನು 1928ರಲ್ಲಿ ಟರ್ಕಿಶ್ ಲ್ಯಾಟಿನ್ ಲಿಪಿಗೆ ಬದಲಾಯಿತು, ಅದಕ್ಕಿಂತ ಹಿಂದಿನ ಬರಹ ಅರಬ್ಬೀ ಅಕ್ಷರದಲ್ಲಿರುತ್ತದೆ. ಅದನ್ನು ಓದಲು ಕಲಿಯದೆ ಈ ಕೆಲಸಕ್ಕೆ ಇಳಿಯಬೇಡಿ.

ಆ ಪೆನ್ಸಿಲ್ ಗೀಟು ಕವಿಯದ್ದೋ ಸಂಪಾದಕರದ್ದೋ ಇನ್ನೂ ತೀರ್ಮಾನವಾಗಿಲ್ಲ. ಕವಿಯೇ ಹೊಡೆದಿದ್ದರೆ ಅದು ಅವರ ನಿರ್ಧಾರ, ಮೀರುವ ಹಕ್ಕು ನನಗಿಲ್ಲ. ಸದ್ಯಕ್ಕೆ ಆ ಸಾಲುಗಳನ್ನು ಕವಿತೆಗೆ ಸೇರಿಸಿಲ್ಲ. ಕಡತದ ಸಂಖ್ಯೆ, ಪುಟದ ಸಂಖ್ಯೆ ಸಮೇತ ಅಡಿಟಿಪ್ಪಣಿಯಲ್ಲಿ ಇಟ್ಟು, ಹಕ್ಕುದಾರರ ಒಪ್ಪಿಗೆಗೆ ಕಳಿಸಿದ್ದೇನೆ.