ನೀರು ತಡೆಯುವ ಗೋಡೆ ಮತ್ತು ಚಾವಣಿ ಹಲಗೆ: ಸಂದುಗಳನ್ನು ಕೂಡಿಸುವ ಕ್ರಮ

ಮರದ ಚೌಕಟ್ಟಿನ ಮನೆ ಕಟ್ಟುವವರು ಬಹುಕಾಲ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡುತ್ತಿದ್ದರು. ಮೊದಲು ಸ್ಟಡ್‌ಗಳ (ಗೋಡೆಯ ಲಂಬ ಮರದ ಕಂಬಗಳ) ಮೇಲೆ ಪ್ಲೈವುಡ್ ಅಥವಾ ಒಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆ ಹೊಡೆದು ಚೌಕಟ್ಟನ್ನು ಬಿಗಿಗೊಳಿಸುವುದು. ಆಮೇಲೆ ಅದರ ಮೇಲೆ ಡಾಂಬರು ಕಾಗದವನ್ನೋ ಹೌಸ್‌ವ್ರ್ಯಾಪ್ ಎಂಬ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿ ಮಳೆನೀರು ಒಳಗೆ ಇಳಿಯದಂತೆ ನೋಡಿಕೊಳ್ಳುವುದು. ಈ ಎರಡನ್ನೂ ಕಾರ್ಖಾನೆಯಲ್ಲೇ ಒಂದಾಗಿಸಿದ ಹಲಗೆಯನ್ನು ಹ್ಯೂಬರ್ ಸಂಸ್ಥೆಯು 2006ರಲ್ಲಿ ಜಿಪ್ ಸಿಸ್ಟಮ್ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಜಾರ್ಜಿಯಾ-ಪೆಸಿಫಿಕ್‌ನ ಫೋರ್ಸ್‌ಫೀಲ್ಡ್, ಎಲ್‌ಪಿಯ ವೆದರ್‌ಲಾಜಿಕ್ ಆನಂತರ ಬಂದವು. ಜಿಪ್ ಹಲಗೆಯಲ್ಲಿ ಒಎಸ್‌ಬಿಯ ಹೊರಮೈಗೆ ರಾಳ ಕುಡಿಸಿದ ಕ್ರಾಫ್ಟ್ ಕಾಗದದ ಪದರವನ್ನು ಬಿಗಿಯಾಗಿ ಅಂಟಿಸಿರುತ್ತಾರೆ. ಈ ಪದರವು ಮಳೆನೀರನ್ನು ತಡೆಯುತ್ತದೆ, ಆದರೆ ಆವಿಗೆ ದಾರಿ ಬಿಡುತ್ತದೆ. ಹಲಗೆಗಳ ನಡುವಿನ ಸಂದುಗಳನ್ನು ಅಕ್ರಿಲಿಕ್ ಅಂಟಿನ ಟೇಪ್‌ನಿಂದ ಮುಚ್ಚಿದರೆ ಗೋಡೆಗೆ ನೀರುತಡೆ ಮತ್ತು ಗಾಳಿತಡೆ ಎರಡೂ ಒಟ್ಟಿಗೆ ಸಿಗುತ್ತವೆ.

ಗಾಳಿಗೆ ಹರಿದು ಪಟಪಟಿಸುವ ಹಾಳೆಯ ಕಾಟವಿಲ್ಲ, ಚಾವಣಿಗೆ ಟೇಪ್ ಬಿದ್ದ ದಿನವೇ ಒಳಗಿನ ಕೆಲಸ ಆರಂಭಿಸಬಹುದು ಎಂಬ ಎರಡು ಕಾರಣಗಳಿಗಾಗಿ ಈ ಹಲಗೆಯನ್ನು ಮೆಚ್ಚುವ ಕಟ್ಟಡಗಾರರೇ ಹೆಚ್ಚು. ಆದರೆ ಕೈಹಾಕುವ ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಾಳೆ ಹೊದಿಸುವ ಹಳೆಯ ಕ್ರಮದಲ್ಲಿ ಮೇಲಿನ ಹಾಳೆ ಕೆಳಗಿನದರ ಮೇಲೆ ಬರುತ್ತದೆ; ಹೆಂಚು ಹೊದಿಸಿದ ಹಾಗೆ. ಅಲ್ಲಿ ಅಂಟು ಸೋತರೂ ನೀರು ತನ್ನ ಭಾರಕ್ಕೆ ತಾನೇ ಹೊರಗೆ ಹರಿದುಹೋಗುತ್ತದೆ. ಟೇಪ್ ಹಾಕಿದ ಅಡ್ಡ ಸಂದಿನಲ್ಲಿ ಹಾಗಲ್ಲ. ಟೇಪ್‌ನ ಮೇಲಂಚು ಇಳಿದು ಬರುವ ನೀರಿಗೆ ನೇರವಾಗಿ ಎದುರಾಗಿರುತ್ತದೆ, ಅಲ್ಲಿ ಅಂಟಲ್ಲದೆ ಬೇರೆ ಆಸರೆಯಿಲ್ಲ. ಆದ್ದರಿಂದ ಅಂಟು ಚೆನ್ನಾಗಿ ಹಿಡಿಯುವಂತೆ ಮಾಡುವುದು, ಸಾಧ್ಯವಿರುವ ಕಡೆಯಲ್ಲೆಲ್ಲ ಅಂಟಿನ ಜೊತೆಗೆ ಮೇಲುಹೊದಿಕೆಯನ್ನೂ ಇರಿಸುವುದು, ಇವೆರಡರ ಮೇಲೆಯೇ ಮುಂದಿನ ಎಲ್ಲ ಕೆಲಸವೂ ನಿಂತಿದೆ.

ಹಲಗೆ ಕೂರಿಸುವುದು ಮತ್ತು ಮೊಳೆ ಹೊಡೆಯುವುದು

ಹಲಗೆಯ ಹೊರಮೈ ನೀರಿಗೆ ಅಂಜುವುದಿಲ್ಲ, ಅಂಚು ಅಂಜುತ್ತದೆ. ಒಎಸ್‌ಬಿಯ ಅಂಚಿಗೆ ನೀರು ಕುಡಿಯಲು ಬಿಟ್ಟರೆ ಅದು ಉಬ್ಬುತ್ತದೆ, ಒಣಗಿದರೂ ಪೂರ್ತಿಯಾಗಿ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಹಾಗೆ ಉಬ್ಬಿದ ಅಂಚಿನ ಮೇಲೆ ಟೇಪ್ ಸಮನಾಗಿ ಕೂರುವುದಿಲ್ಲ. ಹಾಗಾಗಿ ಹಲಗೆಯ ಕಟ್ಟನ್ನು ನೆಲದಿಂದ ಎತ್ತರಿಸಿ, ಮೇಲೆ ಹೊದಿಕೆ ಹಾಕಿ, ಬದಿಗಳಿಂದ ಗಾಳಿಯಾಡುವಂತೆ ಇಡಬೇಕು. ಗೋಡೆಗೆ ಹೊಡೆದ ಮೇಲೆ ಟೇಪ್ ಹಾಕುವುದನ್ನು ವಾರದ ಕೊನೆಗೆ ಮುಂದೂಡುವುದು ಬೇಡ. ಅಂದಂದಿನ ಗೋಡೆಗೆ ಅಂದಂದೇ ಟೇಪ್ ಬೀಳಲಿ.

ಹಲಗೆಗಳ ನಡುವೆ 1/8 ಇಂಚಿನ ಸಂದು ಉಳಿಯಬೇಕು. ಮರ ತೇವ ಹೀರಿ ಹಿಗ್ಗಿದಾಗ ಅಂಚುಗಳು ಒಂದನ್ನೊಂದು ತಳ್ಳಿ ಟೇಪನ್ನು ಮಡಚಿ ಎಬ್ಬಿಸದಿರಲು ಈ ಜಾಗ ಬೇಕು. ಸಂದು ತಾನಾಗಿಯೇ ಉಳಿಯುವಂತೆ ಅಂಚು ಕೊರೆದ ಹಲಗೆಗಳೂ ಬರುತ್ತವೆ, ಆದರೆ ಸೈಟಿನಲ್ಲಿ ಕತ್ತರಿಸಿದ ಅಂಚಿಗೆ ಆ ಸೌಲಭ್ಯವಿರುವುದಿಲ್ಲ. ಅಲ್ಲಿ ಮೊಳೆಯೊಂದನ್ನು ಅಳತೆಗೋಲಾಗಿ ನಡುವೆ ಇಟ್ಟು ಹೊಡೆಯುವುದು ಹಳೆಯ ಉಪಾಯ, ಅದು ಇಂದಿಗೂ ಸರಿಯೇ.

ಮೊಳೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ನೇಲ್ ಗನ್‌ನ ಒತ್ತಡ ಹೆಚ್ಚಾಗಿದ್ದರೆ ಮೊಳೆಯ ತಲೆ ಮೇಲ್ಪದರವನ್ನು ಹರಿದು ಒಎಸ್‌ಬಿಯೊಳಗೆ ಹೂತುಹೋಗುತ್ತದೆ. ಆಗ ನೀರುತಡೆಯಲ್ಲಿ ಒಂದು ತೂತು ಬೀಳುವುದಲ್ಲದೆ, ಹಲಗೆಯನ್ನು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಕಂಪ್ರೆಸರ್‌ನ ಒತ್ತಡವನ್ನು ಮೊದಲ ಹಲಗೆಯಲ್ಲೇ ಪರೀಕ್ಷಿಸಿ, ಮೊಳೆಯ ತಲೆ ಮೇಲ್ಮೈಗೆ ಸಮನಾಗಿ ನಿಲ್ಲುವಷ್ಟಕ್ಕೆ ಇಳಿಸಿಕೊಳ್ಳಬೇಕು; ಕೊನೆಯ ಏಟನ್ನು ಸುತ್ತಿಗೆಯಿಂದ ಕೊಡುವವರೂ ಇದ್ದಾರೆ, ಅದು ಸಮಯ ಹಾಳಲ್ಲ. ಸಾಮಾನ್ಯ ಗೋಡೆಯಲ್ಲಿ ಮೊಳೆಗಳು ಅಂಚಿನಿಂದ 3/8 ಇಂಚು ಒಳಗೆ, ಅಂಚಿನುದ್ದಕ್ಕೂ 6 ಇಂಚಿಗೊಂದು ಮತ್ತು ನಡುವೆ 12 ಇಂಚಿಗೊಂದು ಇರುತ್ತವೆ. ಗಾಳಿ ಅಥವಾ ಭೂಕಂಪದ ಹೊರೆ ಹೆಚ್ಚಿರುವ ಕಡೆ ಎಂಜಿನಿಯರ್ ಕೊಟ್ಟ ಲೆಕ್ಕವೇ ಅಂತಿಮ. ಹೂತುಹೋದ ಮೊಳೆ, ಸ್ಟಡ್‌ಗೆ ತಾಗದೆ ಪಕ್ಕದಲ್ಲಿ ಹೊರಟ ಮೊಳೆ, ತಪ್ಪಾಗಿ ಕೊರೆದ ತೂತು, ಇವೆಲ್ಲಕ್ಕೂ ಟೇಪ್‌ನ ತುಂಡನ್ನು ಅಂಟಿಸಬೇಕು, ಇಲ್ಲವೇ ದ್ರವ ಫ್ಲ್ಯಾಶಿಂಗನ್ನು (ಸಂದಿನಲ್ಲಿ ನೀರು ತಡೆಯುವ ಹೊದಿಕೆಗೆ ಫ್ಲ್ಯಾಶಿಂಗ್ ಎನ್ನುತ್ತಾರೆ; ಇದು ಬಳಿದ ಮೇಲೆ ಗಟ್ಟಿಯಾಗುವ ಬಗೆ) ಬಳಿಯಬೇಕು. ಸ್ಟಡ್ ತಪ್ಪಿದ ಮೊಳೆಯನ್ನು ಮೊದಲು ಕಿತ್ತು ಆಮೇಲೆ ಮುಚ್ಚಬೇಕು, ಏಕೆಂದರೆ ಹಿಡಿತವಿಲ್ಲದ ಮೊಳೆ ಸಡಿಲಗೊಂಡು ಹಿಂದೆ ಸರಿದರೆ ಟೇಪನ್ನು ಒಳಗಿನಿಂದಲೇ ಚುಚ್ಚುತ್ತದೆ.

ಒಳಮೈಗೆ ಫೋಮ್ ಅಂಟಿಸಿದ ಹಲಗೆಯಾದರೆ ಮೊಳೆ ಫೋಮನ್ನು ದಾಟಿ ಸ್ಟಡ್ ಸೇರಬೇಕಾದ್ದರಿಂದ ಉದ್ದದ ಮೊಳೆಯೂ ಬೇರೆ ಅಂತರಗಳೂ ಬೇಕಾಗುತ್ತವೆ. ತಯಾರಕರ ಪಟ್ಟಿ ನೋಡದೆ ಎಂದಿನ ಅಭ್ಯಾಸದಲ್ಲಿ ಹೊಡೆಯಬಾರದು.

ಟೇಪ್

ಅಕ್ರಿಲಿಕ್ ಅಂಟು ಒತ್ತಡಕ್ಕೆ ಹಿಡಿಯುವ ಅಂಟು. ಅಂಗೈಯಿಂದ ಸವರಿದರೆ ಅದು ಅಂಟಿದಂತೆ ಕಾಣುತ್ತದೆಯೇ ಹೊರತು ಹಲಗೆಯ ಸಣ್ಣ ಏರುತಗ್ಗುಗಳೊಳಗೆ ಇಳಿದಿರುವುದಿಲ್ಲ. ಗಟ್ಟಿ ರೋಲರ್‌ನಿಂದ ಬಲವಾಗಿ ಉರುಳಿಸಿದಾಗ ಹಲಗೆಯ ಮೇಲ್ಮೈಯ ಉಬ್ಬುಗೆರೆಗಳು ಟೇಪ್‌ನ ಮೇಲೆ ಮೂಡಿ ಕಾಣತೊಡಗುತ್ತವೆ. ಅದು ಮೂಡುವವರೆಗೆ ಕೆಲಸ ಮುಗಿದಿಲ್ಲ. ಸೋರಿದ ಗೋಡೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹಲಗೆಯದಕ್ಕಿಂತ ರೋಲರ್ ಉರುಳಿಸದ ಟೇಪ್‌ನದೇ ಹೆಚ್ಚು ಪಾಲು ಎಂದು ನನ್ನ ಅಭಿಪ್ರಾಯ. ರೋಲರ್ ಇಲ್ಲದ ಕೆಲಸಗಾರನ ಕೈಗೆ ಟೇಪ್ ಸುರುಳಿಯನ್ನು ಕೊಡದಿರುವುದೇ ಒಳ್ಳೆಯದು.

ಮೇಲ್ಮೈ ಒಣಗಿರಬೇಕು, ಧೂಳಿರಬಾರದು. ಗರಗಸದ ಹುಡಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕುಳಿತಿರುತ್ತದೆ, ಆದ್ದರಿಂದ ಬಟ್ಟೆಯಿಂದ ಒರೆಸಿಯೇ ಹಾಕಬೇಕು. ಬೆಳಗಿನ ಹೊತ್ತು ಇಬ್ಬನಿ, ಚಳಿಯ ದೇಶಗಳಲ್ಲಿ ಹಿಮದ ಪೊರೆ, ಇವೂ ಧೂಳಿನಷ್ಟೇ ಕೆಡುಕು ಮಾಡುತ್ತವೆ. ಚಳಿಯಲ್ಲಿ ಅಂಟು ಗಡುಸಾಗುವುದರಿಂದ ಸುರುಳಿಗಳನ್ನು ಬೆಚ್ಚಗಿನ ಜಾಗದಲ್ಲಿಟ್ಟು, ಬೇಕಾದಾಗ ಒಂದೊಂದೇ ತೆಗೆದು ಬಳಸುವುದು ರೂಢಿ. ಅಕ್ರಿಲಿಕ್‌ನ ಒಂದು ಗುಣ ಇಲ್ಲಿ ನೆರವಿಗೆ ಬರುತ್ತದೆ: ಚೆನ್ನಾಗಿ ಒತ್ತಿದ ಟೇಪ್‌ನ ಹಿಡಿತ ದಿನ ಕಳೆದಂತೆ ಬಲಗೊಳ್ಳುತ್ತದೆ. ಹಾಕಿದ ಕೂಡಲೇ ಎಳೆದು ನೋಡಿದರೆ ಸುಲಭವಾಗಿ ಏಳುವ ಟೇಪ್ ಮರುದಿನ ಕಿತ್ತಾಗ ಹಲಗೆಯ ಪದರವನ್ನೇ ಕಿತ್ತುಕೊಂಡು ಬರುವುದುಂಟು.

ಸಾಮಾನ್ಯ ಸಂದಿನ ಟೇಪ್ 3¾ ಇಂಚು ಅಗಲವಿರುತ್ತದೆ. ಅದನ್ನು ಸಂದಿನ ನಡುಗೆರೆಗೆ ಸರಿಯಾಗಿ ಹಾಕಿದರೆ ಎರಡೂ ಕಡೆ ಬೇಕಾದಷ್ಟು ಹಿಡಿತ ಸಿಗುತ್ತದೆ. ಓರೆಯಾಗಿ ಹೋಗಿ ಯಾವುದೇ ಬದಿಯಲ್ಲಿ ಒಂದು ಇಂಚಿಗಿಂತ ಕಡಿಮೆಯಾದರೆ ಇನ್ನೊಂದು ಪಟ್ಟಿಯನ್ನು ಮೇಲೆ ಹಾಕಬೇಕು. ಒಂದು ಪಟ್ಟಿ ಮುಗಿದು ಇನ್ನೊಂದು ಆರಂಭವಾಗುವಲ್ಲಿ ತಯಾರಕರು ಹೇಳಿದಷ್ಟು ಮೇಲುಹಾಸು ಇರಲಿ. ಲಂಬ ಪಟ್ಟಿಯೂ ಅಡ್ಡ ಪಟ್ಟಿಯೂ ಸೇರುವ ಕಡೆ ಎರಡು ಟೇಪ್‌ಗಳ ದಪ್ಪದಿಂದ ಸಣ್ಣ ಮೆಟ್ಟಿಲೊಂದು ಏಳುತ್ತದೆ, ಅಲ್ಲಿ ರೋಲರನ್ನು ಎರಡೂ ದಿಕ್ಕಿಗೆ ಉರುಳಿಸಬೇಕು. ಟೇಪ್ ಸುಕ್ಕಾಗಿ ಮೀನಿನ ಬಾಯಿಯಂತೆ ತೆರೆದುಕೊಂಡರೆ ಅದನ್ನು ಒತ್ತಿ ಚಪ್ಪಟೆ ಮಾಡುವ ಪ್ರಯತ್ನ ವ್ಯರ್ಥ; ಸುಕ್ಕನ್ನು ಕತ್ತರಿಸಿ ತೆಗೆದು ಅದರ ಮೇಲೆ ತುಂಡೊಂದನ್ನು ಹಾಕಬೇಕು. ಬೇರೆ ತಯಾರಕರ ಅಗ್ಗದ ಟೇಪ್ ಬಳಸುವ ಆಸೆ ಹುಟ್ಟುವುದು ಸಹಜ, ಆದರೆ ಖಾತರಿ ಇರುವುದು ಹಲಗೆ ಮತ್ತು ಟೇಪ್ ಎರಡೂ ಸೇರಿದ ವ್ಯವಸ್ಥೆಗೆ.

ಕಿಟಕಿಗಳು

ಗೋಡೆಯ ನಡುವೆ ಎಷ್ಟೇ ಎಚ್ಚರ ವಹಿಸಿದರೂ ನೀರು ನುಗ್ಗಲು ನೋಡುವುದು ಕಿಟಕಿಯ ಸುತ್ತಲೇ. ಕಿಟಕಿಯೂ ಒಂದು ದಿನ ಸೋರುತ್ತದೆ ಎಂದು ಭಾವಿಸಿಕೊಂಡು, ಸೋರಿದ ನೀರು ಹೊರಗೆ ಹೋಗಲು ದಾರಿ ಮಾಡಿಕೊಡುವುದು ಬಲ್ಲವರ ರೀತಿ. ತೆರವಿನ ಕೆಳಭಾಗಕ್ಕೆ ಹೊರಗಡೆಗೆ ಇಳಿಜಾರಾಗಿ ಬೆಣೆಯಂತೆ ಸೀಳಿದ ಮರದ ಪಟ್ಟಿಯನ್ನು ಹಾಕಿ, ಅದರ ಮೇಲೆ ಎಳೆದಂತೆ ಬಾಗುವ ಫ್ಲ್ಯಾಶಿಂಗ್ ಟೇಪನ್ನು ಒಂದೇ ತುಂಡಾಗಿ ಹಾಸಿ, ಎರಡೂ ಬದಿಗಳಲ್ಲಿ ಆರು ಇಂಚಿನಷ್ಟು ಮೇಲಕ್ಕೆ ಏರಿಸಬೇಕು. ಮೂಲೆಗಳಲ್ಲಿ ಸೂಜಿಯ ಮೊನೆಯಷ್ಟು ತೂತು ಉಳಿದರೂ ನೀರು ಅಲ್ಲಿಗೇ ಹುಡುಕಿಕೊಂಡು ಬರುತ್ತದೆ. ಮೂಲೆಗೆ ದ್ರವ ಫ್ಲ್ಯಾಶಿಂಗ್ ಬಳಿಯುವುದು ಈ ಕಾರಣಕ್ಕೇ ಹಲವರಿಗೆ ಮೆಚ್ಚು.

ಕಿಟಕಿ ಕೂರಿಸುವಾಗ ಮೇಲಿನ ಮತ್ತು ಪಕ್ಕಗಳ ಚಾಚುಪಟ್ಟಿಯ (ಕಿಟಕಿಯ ಚೌಕಟ್ಟಿನಿಂದ ಗೋಡೆಯ ಮೇಲೆ ಚಾಚಿ ಮೊಳೆ ಹೊಡೆಯುವ ಪಟ್ಟಿಯ) ಹಿಂದೆ ಸೀಲಂಟ್ ಹಾಕಬೇಕು; ಕೆಳಪಟ್ಟಿಯ ಹಿಂದೆ ಹಾಕಬಾರದು. ಟೇಪ್ ಹಾಕುವಾಗಲೂ ಇದೇ ನಿಯಮ: ಮೊದಲು ಎರಡು ಪಕ್ಕಗಳು, ಅವುಗಳ ಮೇಲೆ ಹಾಯುವಂತೆ ತಲೆಯ ಪಟ್ಟಿ, ಕೆಳಗೆ ಏನೂ ಇಲ್ಲ. ಕೆಳಗನ್ನೂ ಮುಚ್ಚಿಬಿಟ್ಟರೆ ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಸೋರಿದ ನೀರು ಒಳಗೇ ಸಿಕ್ಕಿಬಿದ್ದು ಸಿಲ್‌ನ ಮರ ಕೊಳೆಯುತ್ತದೆ. ಕಿಟಕಿಯ ತಲೆಯ ಮೇಲೆ ನೀರನ್ನು ಮುಂದಕ್ಕೆ ಉದುರಿಸುವ ಲೋಹದ ಹನಿಪಟ್ಟಿ ಇಟ್ಟು, ಗೋಡೆಗೆ ತಾಗಿ ನಿಂತ ಅದರ ಮೇಲ್ಗಾಲನ್ನು ಹಲಗೆಗೆ ಟೇಪ್‌ನಿಂದ ಮುಚ್ಚಬೇಕು. ಹಾಳೆಯಾಗಿದ್ದರೆ ಈ ಮೇಲ್ಗಾಲನ್ನು ಹಾಳೆಯ ಅಡಿಗೆ ಸೇರಿಸಬಹುದಿತ್ತು. ಹಲಗೆಯಲ್ಲಿ ಅದಕ್ಕೆ ಜಾಗವಿಲ್ಲ. ಆದ್ದರಿಂದ ಇಲ್ಲಿನ ಟೇಪ್‌ನ ಮೇಲಂಚಿಗೆ ಸೀಲಂಟ್‌ನ ಒಂದು ಗೆರೆಯನ್ನೂ ಎಳೆಯುವ ಕಟ್ಟಡಗಾರರಿದ್ದಾರೆ. ಅತಿ ಎಚ್ಚರ ಎನ್ನಿಸಿದರೂ ನಾನು ಅದರ ಪರ.

ಚಾವಣಿ, ಸೂರು, ತಳ

ಚಾವಣಿಯಲ್ಲಿ ಟೇಪ್ ಹಾಕುವ ರೀತಿ ಗೋಡೆಯದೇ. ಶಿಂಗಲ್ (ಚಾವಣಿಗೆ ಹೊದಿಸುವ ತೆಳು ಬಿಲ್ಲೆ) ಅಡಿಯಲ್ಲಿ ಹಾಸುವ ಫೆಲ್ಟ್‌ನ, ಅಂದರೆ ಡಾಂಬರು ಕಾಗದದ, ಕೆಲಸವನ್ನು ಹಲಗೆ ಮತ್ತು ಟೇಪ್ ಮಾಡುತ್ತವೆ. ಆದರೆ ಹಿಮಗಟ್ಟುವ ಪ್ರದೇಶಗಳಲ್ಲಿ ಅಮೆರಿಕದ ವಸತಿ ನಿಯಮಾವಳಿ ಸೂರಿನಂಚಿನಿಂದ ಹೊರಗೋಡೆಯ ಗೆರೆಯನ್ನು ದಾಟಿ ಕನಿಷ್ಠ 24 ಇಂಚು ಒಳಗಿನವರೆಗೆ ಹಾಸಬೇಕೆಂದು ಕೇಳುವ ಹಿಮತಡೆಗೆ ಬರಿಯ ಟೇಪ್ ಬದಲಿಯಾಗದು. ಅಲ್ಲಿ ಅಂಟುಹಾಳೆ ಬೇಕೇ ಬೇಕು. ಚಾವಣಿಯ ಎರಡು ಇಳಿಜಾರುಗಳು ಸೇರುವ ಕಣಿವೆಗಳಿಗೂ ಅದನ್ನೇ ಹಾಸುವುದು ಸುರಕ್ಷಿತ. ಇಳಿಜಾರು ತೀರ ಕಡಿಮೆ ಇರುವ ಚಾವಣಿಗೆ ತಯಾರಕರ ಮಿತಿಯನ್ನು ಓದದೆ ಈ ಹಲಗೆ ಆರಿಸಬಾರದು. ಗರಗಸದ ಹುಡಿಯೋ ಇಬ್ಬನಿಯೋ ಬಿದ್ದಾಗ ಹಲಗೆಯ ಮೇಲೆ ಕಾಲು ಜಾರುತ್ತದೆ. ಸುರಕ್ಷತಾ ಹಗ್ಗ ಕಟ್ಟಿಕೊಳ್ಳದೆ ಮೇಲೆ ಹತ್ತುವುದು ಬೇಡ.

ಚಾವಣಿ ಗೋಡೆಯನ್ನು ಬದಿಯಿಂದ ಸಂಧಿಸುವ ಕಡೆ ಪ್ರತಿ ಶಿಂಗಲ್ ಸಾಲಿಗೂ ಒಂದೊಂದು ಮೆಟ್ಟಿಲು ಫ್ಲ್ಯಾಶಿಂಗ್ ಹಾಕಿ, ಅವುಗಳ ಮೇಲಂಚನ್ನು ಗೋಡೆಯ ಹಲಗೆಗೆ ಅಗಲದ ಟೇಪ್‌ನಿಂದ ಸೇರಿಸಬೇಕು. ಆ ಸಾಲು ಸೂರಿನಲ್ಲಿ ಕೊನೆಗೊಳ್ಳುವಲ್ಲಿ ನೀರನ್ನು ಗೋಡೆಯಿಂದ ದೂರಕ್ಕೆ ತಳ್ಳುವ ಬಾಗಿದ ತುಂಡನ್ನು ಹಾಕದೆ ಹೋದರೆ, ಇಡೀ ಚಾವಣಿಯ ನೀರು ಒಂದೇ ಜಾಗದಲ್ಲಿ ಗೋಡೆಯೊಳಗೆ ಇಳಿಯುತ್ತದೆ.

ಗಾಳಿಬಿಗಿಯ ಮನೆ ಬೇಕೆಂಬವರಿಗೆ ಕಷ್ಟ ಕೊಡುವ ಜಾಗ ಸೂರು. ಚಾವಣಿ ಹೊರುವ ಓರೆ ತೊಲೆಗಳಾದ ರಾಫ್ಟರ್‌ಗಳು ಗೋಡೆಯನ್ನು ದಾಟಿ ಹೊರಚಾಚಿದರೆ ಪ್ರತಿ ರಾಫ್ಟರ್‌ನ ಸುತ್ತಲೂ ಸಂದುಗಳಾಗುತ್ತವೆ, ಅಷ್ಟನ್ನೂ ಒಂದೊಂದಾಗಿ ಮುಚ್ಚಿ ಮುಗಿಸುವುದು ಸುಲಭವಲ್ಲ. ಕೆಲವರು ಇದಕ್ಕೆ ಒಂದು ಜಾಣ ದಾರಿ ಕಂಡುಕೊಂಡಿದ್ದಾರೆ. ರಾಫ್ಟರ್‌ಗಳನ್ನು ಗೋಡೆಯ ಮುಖಕ್ಕೇ ಕತ್ತರಿಸಿ, ಸೂರೇ ಇಲ್ಲದ ಬೋಳು ಪೆಟ್ಟಿಗೆಯಂತೆ ಮನೆಯನ್ನು ನಿಲ್ಲಿಸಿ, ಗೋಡೆಯ ಹಲಗೆಯಿಂದ ಚಾವಣಿಯ ಹಲಗೆಗೆ ಒಂದೇ ಟೇಪ್ ಮಡಚಿ ಹಾಯಿಸಿ, ಆಮೇಲೆ ಸೂರಿನ ಚಾಚುಗಳನ್ನು ಹೊರಗಿನಿಂದ ಬಿಗಿಯುತ್ತಾರೆ. ಮರಗೆಲಸ ಹೆಚ್ಚುತ್ತದೆ, ಆದರೆ ಗಾಳಿತಡೆಯ ಗೆರೆ ಎಲ್ಲಿಯೂ ಕಡಿಯುವುದಿಲ್ಲ.

ತಳದಲ್ಲಿ ಹಲಗೆಯ ಅಂಚು ಮಣ್ಣಿನಿಂದ ಕನಿಷ್ಠ 6 ಇಂಚು ಮೇಲಿರಬೇಕು. ಕಾಂಕ್ರೀಟಿನ ಮೈ ಹುಡಿಹುಡಿಯಾಗಿರುವುದರಿಂದ ಅಲ್ಲಿ ಟೇಪ್ ನಿಲ್ಲುವುದು ಅಪರೂಪ. ಪ್ರೈಮರ್ ಬಳಿದೋ ದ್ರವ ಫ್ಲ್ಯಾಶಿಂಗ್‌ನಿಂದಲೋ ಹಲಗೆಯನ್ನು ಅಡಿಪಾಯಕ್ಕೆ ಸೇರಿಸಬೇಕು.

ಮುಚ್ಚುವ ಮೊದಲು

ಒಳಗೆ ಶಾಖ ನಿರೋಧಕ ತುಂಬುವ ಮೊದಲೇ ಬ್ಲೋವರ್ ಡೋರ್ ಪರೀಕ್ಷೆ (ಬಾಗಿಲಿಗೆ ಫ್ಯಾನ್ ಕೂರಿಸಿ ಮನೆಯ ಗಾಳಿ ಸೋರಿಕೆ ಅಳೆಯುವುದು) ಮಾಡಿಸಿದರೆ ಸೋರುವ ಜಾಗಗಳನ್ನು ಹೊಗೆ ಹಾಯಿಸಿ ಕಣ್ಣಾರೆ ನೋಡಿ ಮುಚ್ಚಬಹುದು. ಅಮೆರಿಕದ ಇಂಧನ ನಿಯಮಾವಳಿಯ 2012ರ ಆವೃತ್ತಿ 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ 3 ಬಾರಿ, ಬಿಸಿ ವಲಯಗಳಾದ 1 ಮತ್ತು 2ರಲ್ಲಿ 5 ಬಾರಿ, ಮನೆಯ ಗಾಳಿ ಬದಲಾಗುವುದನ್ನು ಮಿತಿಯಾಗಿ ಇಟ್ಟಿತು. ಅತಿ ಕಡಿಮೆ ಇಂಧನ ಬಳಸುವ ಮನೆಗಳ ಮಾನದಂಡವಾದ ಪ್ಯಾಸಿವ್ ಹೌಸ್‌ನ ಮಿತಿ 0.6. ಚೌಕಟ್ಟಿನ ಮರದ ತೇವವನ್ನೂ ಈ ಹಂತದಲ್ಲೇ ಮೀಟರ್‌ನಿಂದ ಅಳೆದು, ಅದು ಶೇ. 19ಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯಬೇಕು. ಮಳೆಯಲ್ಲಿ ನೆನೆದ ಮರವನ್ನು ಗಾಳಿಬಿಗಿ ಗೋಡೆಯೊಳಗೆ ಮುಚ್ಚಿದರೆ ಆ ತೇವಕ್ಕೆ ಬೇಗ ಹೊರಹೋಗುವ ದಾರಿ ಇರುವುದಿಲ್ಲ.

ಜಿಪ್ ಹಲಗೆಯನ್ನು ಹೊರಹೊದಿಕೆಯಿಲ್ಲದೆ 180 ದಿನಗಳವರೆಗೆ ಬಿಡಬಹುದೆಂದು ತಯಾರಕರು ಹೇಳುತ್ತಾರೆ. ಅದು ಮಿತಿ, ಗುರಿಯಲ್ಲ. ಸೈಡಿಂಗ್ (ಗೋಡೆಯ ಹೊರಹೊದಿಕೆ) ಹಾಕುವಾಗ 3/8 ಇಂಚಿನ ಪಟ್ಟಿಗಳನ್ನು ಸ್ಟಡ್‌ಗಳ ಗುಂಟ ಹೊಡೆದು ಹಿಂದೆ ಗಾಳಿಸಂದು ಬಿಟ್ಟರೆ, ಸೈಡಿಂಗ್ ದಾಟಿ ಬಂದ ನೀರು ಹಲಗೆಯ ಮೇಲೆ ನಿಲ್ಲದೆ ಇಳಿದು ಹೋಗುತ್ತದೆ, ಉಳಿದ ತೇವ ಬೇಗ ಆರುತ್ತದೆ. ಸಿಮೆಂಟ್ ಗಾರೆಗೂ ಅಂಟಿಸುವ ಕಲ್ಲಿಗೂ ಹಲಗೆಯ ಮೇಲ್ಮೈಯೊಂದೇ ಸಾಲದು. ನಡುವೆ ಇನ್ನೊಂದು ಪದರ ಹಾಕಬೇಕು, ಇಲ್ಲದಿದ್ದರೆ ಗಾರೆ ನೇರವಾಗಿ ಹಲಗೆಗೇ ಹಿಡಿದುಕೊಂಡು ನೀರಿಳಿಯುವ ದಾರಿ ಮುಚ್ಚಿಹೋಗುತ್ತದೆ.

ಟೇಪ್ ಹಾಕಿ ಮುಗಿದ ಮೇಲೆ ವಿದ್ಯುತ್ ಕೆಲಸದವರು, ಪ್ಲಂಬರ್, ಎಸಿ ಕೂರಿಸುವವರು ಒಬ್ಬರಾದ ಮೇಲೊಬ್ಬರು ಬಂದು ಗೋಡೆಗೆ ತೂತು ಕೊರೆಯುತ್ತಾರೆ, ಅವರ ಗಮನ ತಮ್ಮ ಕೊಳವೆಯ ಮೇಲಿರುತ್ತದೆ. ಆದ್ದರಿಂದ ಸೈಡಿಂಗ್‌ನವರು ಬರುವ ಹಿಂದಿನ ದಿನ ರೋಲರ್, ಟೇಪ್ ಮತ್ತು ದ್ರವ ಫ್ಲ್ಯಾಶಿಂಗ್ ಹಿಡಿದು ಮನೆಯನ್ನು ಒಂದು ಸುತ್ತು ನಿಧಾನವಾಗಿ ಬರಬೇಕು, ಹೊಸ ತೂತುಗಳನ್ನೆಲ್ಲ ಮುಚ್ಚಬೇಕು, ಬಿಸಿಲಿಗೆ ಎದ್ದ ಅಂಚುಗಳನ್ನು ಮತ್ತೆ ಉರುಳಿಸಬೇಕು, ನಾಲ್ಕೂ ಗೋಡೆಗಳ ಫೋಟೋ ತೆಗೆದಿಟ್ಟುಕೊಳ್ಳಬೇಕು.